ಫೋಲ್ಸಮ್ ಜೈಲಿನ ವಾರ್ಡರ್ ಒಬ್ಬರು ಸಂಘದ ನಾಯಕರಾದ ಬಗೆ: ಡಾನ್ ನೋವಿ ಪ್ರಕರಣ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೈಲು ಸಿಬ್ಬಂದಿಗೆ ಒಂದು ಸಂಘವಿದೆ. 1980ರಲ್ಲಿ ಡಾನ್ ನೋವಿ ಎಂಬುವರು ಅದರ ಅಧ್ಯಕ್ಷರಾದರು. ಆಗ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಸದಸ್ಯರು ಕೆಲವೇ ಸಾವಿರ. 2002ರಲ್ಲಿ ನೋವಿ ಆ ಹುದ್ದೆ ಬಿಡುವ ಹೊತ್ತಿಗೆ ಸದಸ್ಯರು 30 ಸಾವಿರದ ಆಸುಪಾಸು. ಗವರ್ನರ್ ಚುನಾವಣೆಗೆ ನಿಲ್ಲುವವರು ಮೊದಲು ಈ ಸಂಘದ ಮನಸ್ಸು ಏನು ಎಂದು ವಿಚಾರಿಸುವ ಕಾಲ ಅದು. (ಅಲ್ಲಿ ಗವರ್ನರ್ ಜನರೇ ಆರಿಸುವ ಆಡಳಿತಗಾರ. ನಮ್ಮ ಮುಖ್ಯಮಂತ್ರಿಯ ಹಾಗೆ ಅಂದುಕೊಳ್ಳಿ.)

ನೋವಿ ವಕೀಲರಲ್ಲ. ರಾಜಕಾರಣಿಯೂ ಅಲ್ಲ. ಫೋಲ್ಸಮ್ ಜೈಲಿನಲ್ಲಿ ಕೈದಿಗಳನ್ನು ಕಾಯುತ್ತಿದ್ದವರು. ಅಂಥವರೊಬ್ಬರು ಇಡೀ ರಾಜ್ಯದ ಶಿಕ್ಷೆಯ ನೀತಿಯ ಮೇಲೆ ಪ್ರಭಾವ ಬೀರುವ ಮಟ್ಟಕ್ಕೆ ಬಂದದ್ದು ಹೇಗೆ? ಅದರಿಂದ ಯಾರಿಗೆ ಒಳ್ಳೆಯದಾಯಿತು, ಯಾರಿಗೆ ಕೆಟ್ಟದಾಯಿತು? ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನೋವಿ ತಮ್ಮವರಿಗೆ ಸಂಬಳ, ಮರ್ಯಾದೆ ಎರಡನ್ನೂ ಗಳಿಸಿಕೊಟ್ಟರು. ಅದು ಅವರಿಗೆ ಸಲ್ಲಲೇಬೇಕಾಗಿತ್ತು. ಆದರೆ ಅದನ್ನು ಗಳಿಸಲು ಅವರು ಹಿಡಿದ ದಾರಿ ಜೈಲುಗಳನ್ನು ತುಂಬಿಸುವ ರಾಜಕೀಯದ ಜೊತೆ ಸೇರಿಹೋಯಿತು. ಕೊನೆಗೆ ಆ ತುಂಬಿದ ಜೈಲುಗಳಲ್ಲಿ ನಿಂತು ಕೆಲಸ ಮಾಡಬೇಕಾದವರೂ ಅವರ ಸದಸ್ಯರೇ.

ಆ ಕಾಲದ ಜೈಲು

ಫೋಲ್ಸಮ್ ಹಳೆಯ ಜೈಲು. 1880ರಲ್ಲಿ ಶುರುವಾದದ್ದು. ರಾಜಧಾನಿ ಸ್ಯಾಕ್ರಮೆಂಟೊದಿಂದ ಹೆಚ್ಚು ದೂರವಿಲ್ಲ. ದಪ್ಪ ಕಗ್ಗಲ್ಲಿನ ಗೋಡೆಗಳು. ಸೇನೆಯಲ್ಲಿ ಸೇವೆ ಮಾಡಿ ಬಂದ ನೋವಿ ಇಲ್ಲಿ ಕೆಲಸಕ್ಕೆ ಸೇರಿದ್ದು 1970ರ ದಶಕದ ಆರಂಭದಲ್ಲಿ. ವಯಸ್ಸಿನಲ್ಲಿದ್ದಾಗ ಬಾಕ್ಸಿಂಗ್ ಆಡಿದವರು. ಮುಂದೆ ಸಂಘದ ಅಧ್ಯಕ್ಷರಾದ ಮೇಲೆ ಅವರ ತಲೆಯ ಮೇಲಿನ ಫೆಡೋರಾ ಟೋಪಿಯೇ ಅವರ ಗುರುತಾಯಿತು.

ಅವರು ಸೇರಿದ ಹೊತ್ತು ಬಹಳ ಕೆಟ್ಟದ್ದು. 1971ರ ಆಗಸ್ಟ್ 21ರಂದು ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಒಂದೇ ದಿನ ಆರು ಜನ ಸತ್ತರು. ಮೂವರು ಸಿಬ್ಬಂದಿ, ಮೂವರು ಕೈದಿಗಳು. ಸತ್ತ ಕೈದಿಗಳಲ್ಲಿ ಕಪ್ಪು ಜನರ ಹೋರಾಟದ ಹೆಸರಾಂತ ದನಿಯಾಗಿದ್ದ ಜಾರ್ಜ್ ಜಾಕ್ಸನ್ ಒಬ್ಬರು. ಅದಕ್ಕೂ ಮೊದಲು, 1970ರ ಜನವರಿಯಲ್ಲಿ, ಸೊಲೆಡಾಡ್ ಜೈಲಿನಲ್ಲಿ ಮೊದಲು ಕಾವಲುಗಾರನ ಗುಂಡಿಗೆ ಮೂವರು ಕಪ್ಪು ಕೈದಿಗಳು ಸತ್ತಿದ್ದರು. ಕೆಲವೇ ದಿನಗಳಲ್ಲಿ ಒಬ್ಬ ಕಾವಲುಗಾರನ ಕೊಲೆಯಾಯಿತು. ಆ ದಶಕದುದ್ದಕ್ಕೂ ಜೈಲುಗಳಲ್ಲಿ ಗುಂಪುಗಳ ನಡುವೆ ಚೂರಿ ಇರಿತ ನಡೆದೇ ಇತ್ತು. ಜೈಲು ಸಿಬ್ಬಂದಿ ಬೆಳಿಗ್ಗೆ ಡ್ಯೂಟಿಗೆ ಹೋದವರು ಸಂಜೆ ಕ್ಷೇಮವಾಗಿ ಬರುತ್ತಾರೋ ಇಲ್ಲವೋ ಎಂಬ ಆತಂಕ ಅವರ ಮನೆಗಳಲ್ಲಿ ಇದ್ದೇ ಇತ್ತು.

ಆದರೂ ಹೊರಗಿನವರ ಕಣ್ಣಿಗೆ ಅವರು ಬೀಗ ತಿರುಗಿಸುವ ಜನ, ಅಷ್ಟೇ. ಪೊಲೀಸರಿಗೆ ಸಿಗುವ ಮರ್ಯಾದೆ ಅವರಿಗಿರಲಿಲ್ಲ. ಸಂಬಳವೂ ಕಡಿಮೆ. 1980ರಲ್ಲಿ ಸರಾಸರಿ ವರ್ಷಕ್ಕೆ ಸುಮಾರು 14 ಸಾವಿರ ಡಾಲರ್. ಒಳಗೆ ಕೈದಿಗಳ ಸಿಟ್ಟು, ಮೇಲೆ ವಾರ್ಡನ್ನರ, ಅಂದರೆ ಜೈಲಿನ ಮುಖ್ಯಸ್ಥರ, ದರ್ಪ. ಯಾವ ಶಿಫ್ಟು, ಯಾವ ಜಾಗದ ಡ್ಯೂಟಿ ಎಂಬುದೆಲ್ಲ ಮೇಲಿನವರ ಮರ್ಜಿ. ಇದನ್ನು ಓದುವಾಗ ನಮ್ಮ ಠಾಣೆಯ ಪೇದೆಯೊಬ್ಬರ ಬದುಕು ನೆನಪಾಗುತ್ತದೆ, ಅಲ್ವಾ? ರಜೆ ಕೇಳಲು ಹಿಂಜರಿಯುವುದು, ಬಂದೋಬಸ್ತ್ ಎಂದರೆ ಎಷ್ಟು ಹೊತ್ತಾದರೂ ನಿಲ್ಲುವುದು, ಅಧಿಕಾರಿಗಳ ಮನೆಗೆಲಸ ಮಾಡಿಸುತ್ತಿದ್ದ ಆರ್ಡರ್ಲಿ ಪದ್ಧತಿ. ದೇಶ ಬೇರೆಯಾದರೂ ಸಮವಸ್ತ್ರದ ಕೆಳಗಿನ ಮೆಟ್ಟಿಲಲ್ಲಿ ನಿಂತವರ ಸಂಕಟದಲ್ಲಿ ತುಂಬಾ ಹೋಲಿಕೆ ಇದೆ.

ಸಂಘಕ್ಕೆ ಹಲ್ಲು ಬಂದದ್ದು

ಕ್ಯಾಲಿಫೋರ್ನಿಯಾ ಕರೆಕ್ಷನಲ್ ಆಫೀಸರ್ಸ್ ಅಸೋಸಿಯೇಷನ್ ಎಂಬ ಈ ಸಂಘ ಹುಟ್ಟಿದ್ದು 1957ರಲ್ಲಿ. ಮೊದಲ ಇಪ್ಪತ್ತು ವರ್ಷ ಅದು ಮನವಿ ಕೊಡುವ ಸಂಘ. ಸರ್ಕಾರ ಕೇಳಿದರೆ ಕೇಳಿತು, ಇಲ್ಲದಿದ್ದರೆ ಇಲ್ಲ. ಇದು ಬದಲಾದದ್ದು 1977ರಲ್ಲಿ. ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಒಂದು ಕಾನೂನು ರಾಜ್ಯ ಸರ್ಕಾರಿ ನೌಕರರಿಗೆ ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಸರ್ಕಾರದ ಜೊತೆ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕು ಕೊಟ್ಟಿತು. ಈಗ ಅದನ್ನು ಡಿಲ್ಸ್ ಕಾಯ್ದೆ ಎನ್ನುತ್ತಾರೆ. ನೌಕರರನ್ನು ಕೆಲಸದ ಬಗೆಯ ಪ್ರಕಾರ ಘಟಕಗಳಾಗಿ ವಿಂಗಡಿಸಿದರು. ಪ್ರತಿ ಘಟಕದವರೂ ತಮ್ಮ ಪರವಾಗಿ ಮಾತಾಡುವ ಒಂದು ಸಂಘವನ್ನು ಮತ ಹಾಕಿ ಆರಿಸಬೇಕು. ಜೈಲಿನವರದು ಆರನೇ ಘಟಕ.

ಅದೇ ಬ್ರೌನ್ 1976ರಲ್ಲಿ ಇನ್ನೊಂದು ಕಾನೂನಿಗೂ ಸಹಿ ಹಾಕಿದ್ದರು. ಅಲ್ಲಿಯವರೆಗೆ ಎಷ್ಟು ವರ್ಷ ಜೈಲು ಎಂಬುದನ್ನು ಕೈದಿಯ ನಡತೆ ನೋಡಿ ಪೆರೋಲ್ ಮಂಡಳಿ ತೀರ್ಮಾನಿಸುತ್ತಿತ್ತು. ಹೊಸ ಕಾನೂನು ಹೆಚ್ಚಿನ ಅಪರಾಧಗಳಿಗೆ ಇಂತಿಷ್ಟೇ ವರ್ಷ ಎಂದು ಗೊತ್ತುಮಾಡಿತು. ಆಮೇಲೆ ಆ ವರ್ಷಗಳನ್ನು ಹೆಚ್ಚಿಸುವ ಅಧಿಕಾರ ಶಾಸಕರ ಕೈಗೆ ಬಂತು. ಶಾಸಕರು ಅದನ್ನು ಮತ್ತೆ ಮತ್ತೆ ಹೆಚ್ಚಿಸಿದರು. ಒಂದು ಕಾನೂನು ಸಂಘಕ್ಕೆ ಬಲ ಕೊಟ್ಟಿತು. ಇನ್ನೊಂದು ಜೈಲುಗಳು ತುಂಬಲು ದಾರಿ ಮಾಡಿತು. ಎರಡೂ ಒಂದೇ ಕೈಯ ಸಹಿ. ಮುಂದಿನದೆಲ್ಲ ಇವೆರಡರ ನಡುವೆ ನಡೆದದ್ದು.

ನೋವಿಯವರ ಮೊದಲ ದೊಡ್ಡ ಕೆಲಸ ಹಣದ್ದಲ್ಲ, ಒಗ್ಗಟ್ಟಿನದು. ಜೈಲಿನ ಅನೇಕರು ಆಗ ರಾಜ್ಯ ನೌಕರರ ದೊಡ್ಡ ಸಂಘದಲ್ಲಿದ್ದರು. ಅಲ್ಲಿ ಗುಮಾಸ್ತರು, ಇತರ ಇಲಾಖೆಯವರು ಎಲ್ಲರೂ ಸೇರಿ ಜೈಲಿನವರ ದನಿ ಮುಳುಗಿಹೋಗುತ್ತಿತ್ತು. ನೋವಿ ಹೇಳಿದ್ದು ಸರಳ: ನಮ್ಮ ಕೆಲಸ ಬೇರೆ, ನಮ್ಮ ಅಪಾಯ ಬೇರೆ, ನಮಗೆ ನಮ್ಮದೇ ಸಂಘ ಬೇಕು. ಬಾಲಾಪರಾಧಿಗಳ ಕೇಂದ್ರಗಳ ಸಿಬ್ಬಂದಿಯನ್ನೂ ಬಿಡುಗಡೆಯಾದ ಕೈದಿಗಳ ಮೇಲೆ ಕಣ್ಣಿಡುವ ಪೆರೋಲ್ ಅಧಿಕಾರಿಗಳನ್ನೂ ಜೊತೆಗೆ ಸೇರಿಸಿಕೊಂಡರು. 1982ರ ಹೊತ್ತಿಗೆ ಸಂಘ ಆರನೇ ಘಟಕದ ಚೌಕಾಸಿಯ ಹಕ್ಕು ಗೆದ್ದಿತು. ಹೆಸರೂ ಬದಲಾಯಿತು. ಕ್ಯಾಲಿಫೋರ್ನಿಯಾ ಕರೆಕ್ಷನಲ್ ಪೀಸ್ ಆಫೀಸರ್ಸ್ ಅಸೋಸಿಯೇಷನ್, ಚಿಕ್ಕದಾಗಿ ಸಿಸಿಪಿಒಎ. 'ಪೀಸ್ ಆಫೀಸರ್' ಎಂದರೆ ಅಲ್ಲಿನ ಕಾನೂನಿನಲ್ಲಿ ಪೊಲೀಸರ ಸಾಲಿಗೆ ಸೇರಿದವರು. ಹೆಸರಿನಲ್ಲೇ ಆ ಸ್ಥಾನಕ್ಕೆ ತಮ್ಮ ಹಕ್ಕನ್ನು ಸಾರಿಕೊಂಡರು.

ಇಲ್ಲಿ ಸ್ವಲ್ಪ ನಿಂತು, ಒಬ್ಬ ವಾರ್ಡರ್ ನಾಯಕನಾಗುವ ಮೆಟ್ಟಿಲುಗಳನ್ನು ನೋಡಬೇಕು. ಪ್ರತಿ ಜೈಲಿನಲ್ಲೂ ಸಂಘದ ಒಂದು ಶಾಖೆ. ಅದಕ್ಕೆ ಚುನಾಯಿತ ಅಧ್ಯಕ್ಷ. ಕೆಳಗೆ 'ಸ್ಟೀವರ್ಡ್' ಎಂಬ ಪ್ರತಿನಿಧಿಗಳು. ಸಹೋದ್ಯೋಗಿಗೆ ನೋಟಿಸ್ ಬಂದರೆ ಪಕ್ಕದಲ್ಲಿ ಕೂರುವವರು, ಒಪ್ಪಂದದ ಯಾವ ಷರತ್ತು ಮುರಿದಿದೆ ಎಂದು ಹುಡುಕುವವರು, ದೂರು ಬರೆಯಲು ನೆರವಾಗುವವರು ಇವರೇ. ಹೀಗೆ ನಾಲ್ಕು ಜನರ ಕೇಸು ಗೆದ್ದುಕೊಟ್ಟವನ ಹೆಸರು ಜೈಲಿನೊಳಗೆ ತಾನಾಗಿಯೇ ಹರಡುತ್ತದೆ. ಶಾಖೆಯಿಂದ ರಾಜ್ಯ ಮಂಡಳಿ, ಅಲ್ಲಿಂದ ಅಧ್ಯಕ್ಷತೆ. ಪೂರ್ಣಾವಧಿ ನಾಯಕರಾದವರು ಸರ್ಕಾರಿ ನೌಕರರಾಗಿಯೇ ಉಳಿದು ಸಂಘದ ಕೆಲಸ ಮಾಡಲು ಒಪ್ಪಂದದಲ್ಲೇ ದಾರಿ ಇದೆ. ಸದಸ್ಯರು ತಮ್ಮ ರಜೆಯ ಗಂಟೆಗಳನ್ನು ಒಂದು ಸಾಮೂಹಿಕ ಖಾತೆಗೆ ದಾನ ಮಾಡುತ್ತಾರೆ. ಆ ಗಂಟೆಗಳನ್ನು ಬಳಸಿ ಪ್ರತಿನಿಧಿಗಳು ಡ್ಯೂಟಿಯಿಂದ ಬಿಡುವು ಪಡೆಯುತ್ತಾರೆ.

ನನಗೆ ಇದು ತುಂಬಾ ಮುಖ್ಯ ಎನಿಸುತ್ತದೆ. ಸೆಲ್ಲುಗಳ ಸಾಲಿನಲ್ಲಿ ಓಡಾಡಿದವರೇ ಮಾತುಕತೆಯ ಮೇಜಿಗೆ ಬಂದರೆ ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ. ನೂರಾರು ಕೈದಿಗಳ ಅಂಗಳಕ್ಕೆ ಎಷ್ಟು ಜನ ಸಾಕು, ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದರೆ ಏನಾಗುತ್ತದೆ, ಚೂರಿ ತಡೆಯುವ ಜಾಕೆಟ್ ಎಲ್ಲರಿಗೂ ಇದೆಯಾ ಎಂದು ಕೇಳಲು ಅನುಭವ ಬೇಕು. ಕಚೇರಿಯಲ್ಲಿ ಕೂತವರಿಗೆ ಇವು ಹೊಳೆಯುವುದಿಲ್ಲ.

ಮುಷ್ಕರವಿಲ್ಲದೆ ಗೆದ್ದ ಬಗೆ

ಜೈಲು ಸಿಬ್ಬಂದಿ ಕೆಲಸ ನಿಲ್ಲಿಸುವಂತಿಲ್ಲ. ಅವರು ಒಂದು ದಿನ ಬಾಗಿಲು ಬಿಟ್ಟು ಹೋದರೆ ಒಳಗೆ ಹೆಣಗಳು ಬೀಳುತ್ತವೆ. ಒಪ್ಪಂದದಲ್ಲೂ ಮುಷ್ಕರವಿಲ್ಲ ಎಂಬ ಷರತ್ತು. ಕಾರ್ಖಾನೆಯ ಸಂಘಕ್ಕೆ ಇರುವ ದೊಡ್ಡ ಆಯುಧ ಇವರಿಗಿರಲಿಲ್ಲ. ನೋವಿ ಅದರ ಬದಲು ಚುನಾವಣೆಯನ್ನು ಹಿಡಿದರು.

ಅವರ ಲೆಕ್ಕ ಹೀಗಿತ್ತು. ಸಂಬಳ ಕೊಡುವವರು ಗವರ್ನರ್ ಮತ್ತು ಶಾಸಕರು. ಅವರು ಗೆಲ್ಲುವುದು ಚುನಾವಣೆಯಲ್ಲಿ. ಚುನಾವಣೆಗೆ ಹಣ ಬೇಕು. ಹಾಗಾದರೆ ಸದಸ್ಯರ ಚಂದಾದಿಂದ ಒಂದು ಪಾಲು ಅಲ್ಲಿಗೇ ಹೋಗಲಿ. ಪಕ್ಷ ನೋಡಲಿಲ್ಲ. 1990ರಲ್ಲಿ ರಿಪಬ್ಲಿಕನ್ ಪಕ್ಷದ ಪೀಟ್ ವಿಲ್ಸನ್ ಪರವಾಗಿ ಹತ್ತು ಲಕ್ಷ ಡಾಲರ್ ಹತ್ತಿರ ಸುರಿದರು. 1998ರಲ್ಲಿ ಡೆಮಾಕ್ರಟಿಕ್ ಪಕ್ಷದ ಗ್ರೇ ಡೇವಿಸ್ ಪರವಾಗಿ 20 ಲಕ್ಷ ಡಾಲರ್‌ಗೂ ಜಾಸ್ತಿ. ಇಬ್ಬರೂ ಗೆದ್ದರು. ಹತ್ತು ಪಟ್ಟು ಸದಸ್ಯರಿದ್ದ ಶಿಕ್ಷಕರ ಸಂಘದ ಜೊತೆ ಸರಿಸಮನಾಗಿ ನಿಲ್ಲುವಷ್ಟು ಹೆಸರು ಈ ಚಿಕ್ಕ ಸಂಘಕ್ಕೆ ಬಂತು.

ಹಣದ ಜೊತೆಗೆ ಒಂದು ಮಾತನ್ನೂ ಹುಟ್ಟುಹಾಕಿದರು. ರಾಜ್ಯದಲ್ಲೇ ಅತಿ ಕಷ್ಟದ ಗಸ್ತು ನಮ್ಮದು ಎಂಬರ್ಥದ ಘೋಷಣೆ. ಟಿವಿಯಲ್ಲಿ, ಫಲಕಗಳಲ್ಲಿ, ಅಂಗಿಗಳ ಮೇಲೆ ಅದೇ. ಜೈಲಿನೊಳಗಿನ ಓಡಾಟವೂ ಪೊಲೀಸ್ ಗಸ್ತೇ, ಅದಕ್ಕಿಂತಲೂ ಕಠಿಣವಾದದ್ದು ಎಂದು ಜನರ ತಲೆಯಲ್ಲಿ ಕೂರಿಸಿದರು. ಇದು ಬರೀ ಪ್ರಚಾರವಲ್ಲ. ಸಂಬಳದ ಮಾತುಕತೆಯಲ್ಲಿ ನೇರವಾಗಿ ಕೆಲಸಕ್ಕೆ ಬಂತು. ಮುಂದೆ ಜೈಲು ಸಿಬ್ಬಂದಿಯ ಸಂಬಳವನ್ನು ಹೈವೇ ಪ್ಯಾಟ್ರೋಲ್, ಅಂದರೆ ಹೆದ್ದಾರಿ ಗಸ್ತಿನ, ಪೊಲೀಸರ ಸಂಬಳದ ಜೊತೆ ಗಂಟು ಹಾಕಿದರು. ಅವರಿಗೆ ಏರಿದರೆ ಇವರಿಗೂ ಏರಲೇಬೇಕು.

1990ರ ದಶಕದ ನಡುವಿಗೆ ಸರಾಸರಿ ಸಂಬಳ ಸುಮಾರು 44 ಸಾವಿರ ಡಾಲರ್ ಮುಟ್ಟಿತ್ತು. ಅಷ್ಟರಲ್ಲಿ ಬೆಲೆಗಳೂ ಹತ್ತಿರ ಹತ್ತಿರ ಎರಡು ಪಟ್ಟಾಗಿದ್ದವು ಎಂಬುದನ್ನು ನೆನಪಿಡಬೇಕು. ಅದನ್ನು ಕಳೆದರೂ ಇದು ದೊಡ್ಡ ಏರಿಕೆಯೇ. ಕಾಲೇಜು ಓದದ ಯುವಕನೊಬ್ಬ ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಪಿಂಚಣಿಯ ಮೇಲೆ ನಿವೃತ್ತನಾಗುವ ಕೆಲಸ ಇದಾಯಿತು. ಒಣ ಬಯಲಿನ ಎಷ್ಟೋ ಬಡ ಊರುಗಳಲ್ಲಿ ಜೈಲಿನ ಕೆಲಸವೇ ಸಿಗಬಹುದಾದ ಅತಿ ಒಳ್ಳೆಯ ಕೆಲಸ.

ಡ್ಯೂಟಿ ಹಂಚಿಕೆಯಲ್ಲೂ ಗೆದ್ದರು. ಹುದ್ದೆಗಳ ದೊಡ್ಡ ಪಾಲನ್ನು ಹಿರಿತನದ ಮೇಲೆ ಸಿಬ್ಬಂದಿಯೇ ಆರಿಸಿಕೊಳ್ಳುವ ಪದ್ಧತಿ ಬಂತು. 2002ರ ಒಪ್ಪಂದದ ಕಾಲಕ್ಕೆ ಆ ಪಾಲು ನೂರಕ್ಕೆ ಎಪ್ಪತ್ತು. ಮೇಲಧಿಕಾರಿಗೆ ಬೇಡವಾದವನನ್ನು ಕೆಟ್ಟ ಡ್ಯೂಟಿಗೆ ಹಾಕಿ ಸತಾಯಿಸುವುದು ಕಷ್ಟವಾಯಿತು. ಇದರ ಇನ್ನೊಂದು ಮುಖವೂ ಇದೆ. ಯಾವ ಜಾಗಕ್ಕೆ ಯಾರು ತಕ್ಕವರು ಎಂದು ನೋಡಿ ಹಾಕುವ ಅಧಿಕಾರ ವಾರ್ಡನ್ನರ ಕೈ ತಪ್ಪಿತು. ಅತಿ ಸೂಕ್ಷ್ಮವಾದ ಜಾಗಗಳಿಗೂ ಈ ಮಾತು ಅನ್ವಯಿಸುತ್ತದೆ ಎಂದು ಆಡಳಿತದವರು ದೂರಿದ್ದರಲ್ಲಿ ಹುರುಳಿದೆ.

ದಾರಿ ತಿರುಗಿದ ಜಾಗ

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 12 ಜೈಲುಗಳಿದ್ದವು. ಒಳಗೆ ಸುಮಾರು 24 ಸಾವಿರ ಕೈದಿಗಳು. 2000ದ ಹೊತ್ತಿಗೆ ಕೈದಿಗಳು ಸುಮಾರು 1 ಲಕ್ಷ 60 ಸಾವಿರ. 1984ರಿಂದ ಮುಂದಿನ ಎರಡು ದಶಕಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೊಸ ಜೈಲುಗಳನ್ನು ಕಟ್ಟಿದರು. ಹೊಸ ಜೈಲೆಂದರೆ ಹೊಸ ಸಿಬ್ಬಂದಿ. ಹೊಸ ಸಿಬ್ಬಂದಿ ಎಂದರೆ ಹೊಸ ಸದಸ್ಯರು, ಹೊಸ ಚಂದಾ.

ಇದನ್ನೆಲ್ಲ ಸಂಘವೇ ಮಾಡಿಸಿತು ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಅಪರಾಧದ ಭಯ, ಮಾದಕ ವಸ್ತುಗಳ ವಿರುದ್ಧದ ಕಾನೂನುಗಳು, ಗಟ್ಟಿ ಕೈಯ ಮಾತಾಡಿ ಮತ ಗೆಲ್ಲುತ್ತಿದ್ದ ರಾಜಕಾರಣ ಇವೆಲ್ಲ ಆಗ ಇಡೀ ಅಮೆರಿಕದಲ್ಲೇ ಇದ್ದವು. ಬಲಿಷ್ಠ ಜೈಲು ಸಂಘವಿಲ್ಲದ ಟೆಕ್ಸಾಸ್‌ನಲ್ಲೂ ಜೈಲುಗಳು ತುಂಬಿದವು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಸಂಘ ಆ ಹೊಳೆಯ ಜೊತೆಗೇ ಈಜಿತು, ಅದಕ್ಕೆ ಬಲ ತುಂಬಿತು.

ಮುಖ್ಯ ಉದಾಹರಣೆ ಸಂತ್ರಸ್ತರ ಸಂಘಟನೆಗಳು. ಹ್ಯಾರಿಯಟ್ ಸಲಾರ್ನೋ ಎಂಬ ತಾಯಿಯ ಮಗಳು 1979ರಲ್ಲಿ ಕೊಲೆಯಾಗಿದ್ದಳು. ಅವರು ಕಟ್ಟಿದ 'ಕ್ರೈಮ್ ವಿಕ್ಟಿಮ್ಸ್ ಯುನೈಟೆಡ್' ಸಂಘಟನೆಗೆ ಶುರುವಿನ ಹಣದ ದೊಡ್ಡ ಪಾಲು ಬಂದದ್ದು ಜೈಲು ಸಿಬ್ಬಂದಿ ಸಂಘದಿಂದ. ಕಚೇರಿಗೂ ಸಂಘವೇ ನೆರವಾಯಿತು. ಮಗಳನ್ನು ಕಳೆದುಕೊಂಡ ತಾಯಿಯ ನೋವು ಸುಳ್ಳಲ್ಲ. ಅವರ ಮಾತನ್ನು ಆಲಿಸುವವರು ಆಗ ಯಾರೂ ಇರಲಿಲ್ಲ. ಸಂಘ ಆಲಿಸಿತು ಎಂಬುದನ್ನು ಒಪ್ಪಬೇಕು. ಅದೇ ಹೊತ್ತಿಗೆ ಸಂಘಕ್ಕೆ ಬೇಕಾದ ಕಾನೂನುಗಳ ಬೇಡಿಕೆ ಈ ತಾಯಂದಿರ ಬಾಯಿಂದ ಬಂದಾಗ ಯಾವ ಶಾಸಕನೂ ಎದುರಾಡಲಾರ. ನೋವಿಯವರಿಗೆ ಇದು ಗೊತ್ತಿತ್ತು. ಒಬ್ಬರ ದುಃಖವನ್ನು ಇನ್ನೊಬ್ಬರ ಸಂಬಳದ ಲೆಕ್ಕಕ್ಕೆ ಇಷ್ಟು ಹತ್ತಿರ ತರಬಾರದಿತ್ತು ಎಂಬುದು ನನ್ನ ಅಭಿಪ್ರಾಯ.

1994ರಲ್ಲಿ 'ಮೂರು ತಪ್ಪು' ಕಾನೂನು ಬಂತು. ಹಿಂದೆ ಎರಡು ಗಂಭೀರ ಅಪರಾಧ ಮಾಡಿದವನು ಮೂರನೇ ಬಾರಿ ಯಾವುದೇ ಫೆಲನಿ, ಅಂದರೆ ಜೈಲು ಶಿಕ್ಷೆಯ ಅಪರಾಧ, ಮಾಡಿದರೂ ಕನಿಷ್ಠ 25 ವರ್ಷದಿಂದ ಜೀವಾವಧಿ. ಮೂರನೆಯದು ಸಣ್ಣ ಕಳ್ಳತನವಾದರೂ ಈ ಬಲೆಗೆ ಬೀಳಬಹುದಿತ್ತು. ಫ್ರೆಸ್ನೋ ಊರಿನ ಒಬ್ಬ ತಂದೆ ಮಗಳ ಕೊಲೆಯ ನಂತರ ಶುರುಮಾಡಿದ ಹೋರಾಟ ಅದು. ಆ ನವೆಂಬರ್‌ನಲ್ಲಿ ಅದೇ ಕಾನೂನು ಜನರ ಮತಕ್ಕೂ ಬಂತು. 184ನೇ ಪ್ರಸ್ತಾವ. ನೂರಕ್ಕೆ 72 ಜನ ಒಪ್ಪಿದರು. ಸಂಘ ಸುಮಾರು ಒಂದು ಲಕ್ಷ ಡಾಲರ್ ಕೊಟ್ಟಿತ್ತು. ಸಂಘದ ಹಣವಿಲ್ಲದಿದ್ದರೂ ಅದು ಗೆಲ್ಲುತ್ತಿತ್ತು. ಆದರೆ ಕೈದಿಗಳ ಸಂಖ್ಯೆಯ ಮೇಲೆ ನಿಂತ ಸಂಘವೊಂದು ಕೈದಿಗಳನ್ನು ಹೆಚ್ಚಿಸುವ ಕಾನೂನಿಗೆ ಹಣ ಕೊಟ್ಟಾಗ ಅದರ ಉಳಿದ ಮಾತುಗಳ ಮೇಲೂ ಜನರಿಗೆ ಸಂಶಯ ಬರುತ್ತದೆ. ಬಂತು ಕೂಡ.

ಇನ್ನೊಂದು ಕಡೆ ಕಾರ್ಕೊರನ್ ಜೈಲು. 1988ರಲ್ಲಿ ತೆರೆದದ್ದು. ಎದುರಾಳಿ ಗುಂಪಿನ ಕೈದಿಗಳನ್ನು ಒಂದೇ ಚಿಕ್ಕ ಅಂಗಳಕ್ಕೆ ಬಿಡುವುದು, ಹೊಡೆದಾಟ ಶುರುವಾದರೆ ಮೇಲಿಂದ ಬಂದೂಕಿನಿಂದ ನಿಲ್ಲಿಸುವುದು. 1989ರಿಂದ 1994ರವರೆಗೆ ಅಲ್ಲಿ ಸಿಬ್ಬಂದಿಯ ಗುಂಡಿಗೆ ಏಳು ಕೈದಿಗಳು ಸತ್ತರು. ಹೊಡೆದಾಟವನ್ನು ಬೇಕೆಂದೇ ಏರ್ಪಡಿಸುತ್ತಿದ್ದರು ಎಂದು ಕೆಲವು ಸಿಬ್ಬಂದಿಯೇ ಹೊರಗೆ ಬಂದು ಹೇಳಿದರು. ಕೇಂದ್ರ ಸರ್ಕಾರ ಎಂಟು ಜನರ ಮೇಲೆ ಮೊಕದ್ದಮೆ ಹೂಡಿತು. 2000ದಲ್ಲಿ ಜ್ಯೂರಿ ಎಂಟೂ ಜನರನ್ನು ಬಿಡುಗಡೆ ಮಾಡಿತು. ಸಂಘ ಅವರ ಬೆನ್ನಿಗೆ ನಿಂತಿತ್ತು. ಆರೋಪಿಯಾದ ಸದಸ್ಯನಿಗೆ ವಕೀಲರನ್ನು ಕೊಡುವುದು ಯಾವ ಸಂಘಕ್ಕೂ ಕರ್ತವ್ಯ. ಅದನ್ನು ತಪ್ಪೆನ್ನಲಾರೆ. ತಪ್ಪು ಇರುವುದು ಬೇರೆ ಕಡೆ. ಒಳಗಿನ ತಪ್ಪನ್ನು ಬಾಯಿಬಿಟ್ಟು ಹೇಳಿದ ಸಿಬ್ಬಂದಿಯೂ ಅದೇ ಸಂಘಕ್ಕೆ ಸೇರಿದವರು. ಅವರು ಒಂಟಿಯಾದರು. 2004ರಲ್ಲಿ ಕೇಂದ್ರ ನ್ಯಾಯಾಲಯ ನೇಮಿಸಿದ ಮೇಲ್ವಿಚಾರಕ ಜಾನ್ ಹೇಗರ್ ತಮ್ಮ ವರದಿಯಲ್ಲಿ ಸಿಬ್ಬಂದಿಯ ನಡುವಿನ ಬಾಯಿಮುಚ್ಚುವ ಕಟ್ಟುಪಾಡಿನ ಬಗ್ಗೆ, ಶಿಸ್ತು ಕ್ರಮದ ಮೇಲೆ ಸಂಘದ ಪ್ರಭಾವದ ಬಗ್ಗೆ ಕಟುವಾಗಿ ಬರೆದರು.

2002: ಶಿಖರ ಮತ್ತು ಇಳಿಜಾರು

ನೋವಿಯವರ ಕೊನೆಯ ಒಪ್ಪಂದ 2002ರ ಆರಂಭದಲ್ಲಿ ಆಯಿತು. ಐದು ವರ್ಷಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಸಂಬಳ ಏರಿಕೆ. ಶಾಸನಸಭೆ ಹೆಚ್ಚು ಚರ್ಚೆ ಇಲ್ಲದೆ ಒಪ್ಪಿತು. ಕೆಲವೇ ವಾರಗಳಲ್ಲಿ ಸಂಘ ಗವರ್ನರ್ ಡೇವಿಸ್ ಅವರ ಮುಂದಿನ ಚುನಾವಣೆಗೆ ಎರಡೂವರೆ ಲಕ್ಷ ಡಾಲರ್ ಕೊಟ್ಟಿತು. ಪತ್ರಿಕೆಗಳು ಇದನ್ನು ಬಿಡಲಿಲ್ಲ. ಈ ಒಪ್ಪಂದದ ಹೊರೆ ಮುಂದೆ ವರ್ಷಕ್ಕೆ 50 ಕೋಟಿ ಡಾಲರ್ ದಾಟುತ್ತದೆ ಎಂದು ರಾಜ್ಯದ ಆಡಿಟರ್ ಅದೇ ವರ್ಷ ಲೆಕ್ಕ ಹಾಕಿದರು. ಆಗ ರಾಜ್ಯದ ಖಜಾನೆ ಬರಿದಾಗುತ್ತಿತ್ತು. 2003ರಲ್ಲಿ ಜನ ಡೇವಿಸ್ ಅವರನ್ನು ಅವಧಿಗೆ ಮೊದಲೇ ಮತ ಹಾಕಿ ಇಳಿಸಿದರು. ಅದಕ್ಕೆ ಕಾರಣಗಳು ಹಲವು. ವಿದ್ಯುತ್ ಬಿಕ್ಕಟ್ಟು, ವಾಹನ ತೆರಿಗೆ ಎಲ್ಲವೂ ಇದ್ದವು. ಜೈಲು ಸಂಘದ ಜೊತೆಗಿನ ನಂಟು ಕೂಡ ಅವರ ಮೇಲಿನ ದೂರುಗಳ ಪಟ್ಟಿಯಲ್ಲಿತ್ತು.

ಅಷ್ಟರಲ್ಲಿ ನೋವಿ ಹುದ್ದೆ ಬಿಟ್ಟಿದ್ದರು. ಅವರ ನಂತರ ಬಂದ ಮೈಕ್ ಜಿಮೆನೆಜ್ ಕೂಡ ಜೈಲಿನ ಕೆಲಸದಿಂದಲೇ ಮೇಲೆ ಬಂದವರು. ಅವರಿಗೆ ಸಿಕ್ಕಿದ್ದು ಬೇರೆಯೇ ಪರಿಸ್ಥಿತಿ. ಡೇವಿಸ್ ಜಾಗಕ್ಕೆ ಬಂದ ಗವರ್ನರ್ ಶ್ವಾರ್ಜ್‌ನೆಗ್ಗರ್ ಸಂಘಕ್ಕೆ ಮಣಿಯುವ ಮನಸ್ಸಿನವರಲ್ಲ. 2006ರಲ್ಲಿ ಕೈದಿಗಳ ಸಂಖ್ಯೆ ಸುಮಾರು 1 ಲಕ್ಷ 73 ಸಾವಿರ ಮುಟ್ಟಿತು. ಅದೇ ವರ್ಷ ಗವರ್ನರ್ ಜೈಲುಗಳಲ್ಲಿ ತುರ್ತು ಪರಿಸ್ಥಿತಿ ಸಾರಿದರು. ವ್ಯಾಯಾಮ ಶಾಲೆಗಳಲ್ಲಿ ಮೂರು ಅಂತಸ್ತಿನ ಮಂಚಗಳನ್ನು ಹಾಕಿ ಕೈದಿಗಳನ್ನು ಮಲಗಿಸಿದ್ದರು. ನೂರಾರು ಜನರ ಆ ಹಜಾರವನ್ನು ಕಾಯಲು ಬೆರಳೆಣಿಕೆಯ ಸಿಬ್ಬಂದಿ. ಮಂಚಗಳ ಸಾಲಿನ ಹಿಂದೆ ಏನು ನಡೆಯುತ್ತಿದೆ ಎಂದು ಕಾಣುವಂತೆಯೇ ಇರಲಿಲ್ಲ. ಬಲವಂತದ ಓವರ್‌ಟೈಮ್. ರೋಗಗಳು. ಕೈದಿಗಳ ಆತ್ಮಹತ್ಯೆ, ಸಿಬ್ಬಂದಿಯ ಆತ್ಮಹತ್ಯೆ.

ಆಗ ನಡೆದದ್ದು ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯವಾದ ಘಟನೆ. ಜೈಲುಗಳಲ್ಲಿ ವೈದ್ಯಕೀಯ ಆರೈಕೆ ಇಲ್ಲ ಎಂದು ಕೈದಿಗಳು ಹೂಡಿದ್ದ ಮೊಕದ್ದಮೆಗಳು ಮೂವರು ನ್ಯಾಯಾಧೀಶರ ಪೀಠದ ಮುಂದೆ ಬಂದವು. 2008ರ ಕೊನೆಯಲ್ಲಿ ವಿಚಾರಣೆ. ಅದರಲ್ಲಿ ಜೈಲು ಸಿಬ್ಬಂದಿಯ ಸಂಘ ತಾನಾಗಿಯೇ ಸೇರಿಕೊಂಡಿತು. ಸರ್ಕಾರದ ಪರವಾಗಿ ಅಲ್ಲ, ಕೈದಿಗಳ ಪರವಾಗಿ. ಜೈಲುಗಳು ತುಂಬಿ ತುಳುಕುತ್ತಿವೆ, ಇದರಿಂದ ನಮ್ಮವರಿಗೂ ಅಪಾಯ ಎಂಬುದು ಅವರ ವಾದ. 2011ರ ಮೇ 23ರಂದು ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ತೀರ್ಪು ಕೊಟ್ಟಿತು. ಕೈದಿಗಳ ಸಂಖ್ಯೆಯನ್ನು ಜೈಲುಗಳ ಮೂಲ ಸಾಮರ್ಥ್ಯದ 137.5 ಶೇಕಡಕ್ಕೆ ಇಳಿಸಲೇಬೇಕು. ಮೊಕದ್ದಮೆ ನಡೆಯುವಾಗ ಅದು ಎರಡು ಪಟ್ಟಿನ ಹತ್ತಿರ ಇತ್ತು. ತಡೆಯಬಹುದಾಗಿದ್ದ ಸಾವುಗಳು ವಾರಕ್ಕೊಂದರಂತೆ ಆಗುತ್ತಿದ್ದವು ಎಂಬುದು ನ್ಯಾಯಾಲಯ ದಾಖಲಿಸಿದ ಸಂಗತಿ.

ಸುಮ್ನೆ ಯೋಚಿಸಿ ನೋಡಿ. ಇದೇ ಸಂಘ 1994ರಲ್ಲಿ 'ಮೂರು ತಪ್ಪು' ಕಾನೂನಿಗೆ ಹಣ ಕೊಟ್ಟಿತ್ತು. ನಡುವೆ, 2004ರಲ್ಲಿ, ಅದನ್ನು ಸಡಿಲಿಸುವ ಪ್ರಸ್ತಾವದ ವಿರುದ್ಧವೂ ನಿಂತಿತ್ತು. ಈಗ ಕೈದಿಗಳ ವಕೀಲರ ಪಕ್ಕದಲ್ಲಿ ಕೂತಿತು. ಇದು ಬರೀ ಲೆಕ್ಕಾಚಾರ ಎಂದು ಕೆಲವರು ತಳ್ಳಿಹಾಕಿದರು. ನಾನು ಹಾಗೆ ನೋಡುವುದಿಲ್ಲ. ಕೈದಿಯ ಉಸಿರು ಕಟ್ಟಿಸುವ ಜೈಲಿನಲ್ಲಿ ವಾರ್ಡರಿನ ಉಸಿರೂ ಕಟ್ಟುತ್ತದೆ. ಒಳಗೆ ನಿಂತವರಿಗೆ ಇದು ಯಾವತ್ತೂ ಗೊತ್ತಿತ್ತು. ಸಂಘದ ನಾಯಕತ್ವ ಅದನ್ನು ನ್ಯಾಯಾಲಯದಲ್ಲಿ ಹೇಳಲು ತೆಗೆದುಕೊಂಡ ಕಾಲ ತುಂಬಾ ದೊಡ್ಡದು.

ನಮ್ಮ ಕಡೆಯ ನಂಟು

ಕನ್ನಡದ ಓದುಗರಿಗೆ ಈ ಪ್ರಕರಣ ಯಾಕೆ ಬೇಕು? ನಮ್ಮಲ್ಲಿ ಪ್ರಶ್ನೆ ಇನ್ನೂ ಮೊದಲ ಮೆಟ್ಟಿಲಲ್ಲೇ ಇದೆ. ಸಂವಿಧಾನದ 33ನೇ ವಿಧಿ ಸೇನೆ, ಪೊಲೀಸ್ ಮುಂತಾದವರ ಮೂಲಭೂತ ಹಕ್ಕುಗಳನ್ನು ಮೊಟಕು ಮಾಡಲು ಸಂಸತ್ತಿಗೆ ಅಧಿಕಾರ ಕೊಡುತ್ತದೆ. ಅದರ ಅಡಿಯಲ್ಲಿ 1966ರ ಕಾಯ್ದೆ ಬಂತು. ಅನುಮತಿ ಇಲ್ಲದೆ ಪೊಲೀಸರು ಯಾವ ಕಾರ್ಮಿಕ ಸಂಘಕ್ಕೂ ಸೇರುವಂತಿಲ್ಲ. ದೆಹಲಿ ಪೊಲೀಸರ ಸಂಘದ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೆ ಕೇರಳ 1979ರಿಂದಲೇ ಪೊಲೀಸರ ಸಂಘಕ್ಕೆ ಜಾಗ ಕೊಟ್ಟಿದೆ. ಅದರಿಂದ ಅಲ್ಲಿನ ಠಾಣೆಗಳೇನೂ ಮುಚ್ಚಿಹೋಗಿಲ್ಲ.

ಕರ್ನಾಟಕದಲ್ಲಿ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುವುದಾಗಿ ಪೊಲೀಸರು ಹೊರಟಿದ್ದು ನೆನಪಿರಬಹುದು. ಕಡಿಮೆ ಸಂಬಳ, ವಾರದ ರಜೆ ಇಲ್ಲ, ಮೇಲಧಿಕಾರಿಗಳ ಕಿರುಕುಳ, ಇವೇ ದೂರುಗಳು. ಸರ್ಕಾರ ಎಸ್ಮಾ ಜಾರಿ ಮಾಡಿತು. ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘದ ಅಧ್ಯಕ್ಷರನ್ನು ರಾಜದ್ರೋಹದ ಕಲಂ ಹಾಕಿ ಬಂಧಿಸಿತು. ಸಂಬಳ ಕೇಳಿದ್ದಕ್ಕೆ ರಾಜದ್ರೋಹ! ಆ ವಿಷಯದಲ್ಲಿ ನನಗೆ ಇವತ್ತಿಗೂ ಸಿಟ್ಟಿದೆ. ಮುಷ್ಕರ ನಡೆಯಲಿಲ್ಲ. ಆದರೆ ಅದೇ ವರ್ಷ ರಾಘವೇಂದ್ರ ಔರಾದ್ಕರ್ ನೇತೃತ್ವದ ಸಮಿತಿ ಬಂತು. ಅದರ ವರದಿಯ ಆಧಾರದ ಮೇಲೆ ಸಂಬಳ ಏರಿಸುವ ಆದೇಶ ಹೊರಬೀಳಲು 2019ರ ಜುಲೈ ತನಕ ಕಾಯಬೇಕಾಯಿತು. ಮಾತುಕತೆಯ ಮೇಜು ಇದ್ದಿದ್ದರೆ ಇಷ್ಟು ದೂರ ಹೋಗಬೇಕಾಗಿರಲಿಲ್ಲ.

ನೋವಿ ಪ್ರಕರಣವನ್ನು ತೋರಿಸಿ 'ನೋಡಿ, ಸಂಘ ಕೊಟ್ಟರೆ ಹೀಗಾಗುತ್ತದೆ' ಎನ್ನುವ ಅಧಿಕಾರಿಗಳು ಸಿಗಬಹುದು. ಆ ವಾದ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೆಟ್ಟದ್ದು ಆದದ್ದು ವಾರ್ಡರುಗಳು ಒಂದಾದದ್ದರಿಂದ ಅಲ್ಲ. ಚುನಾವಣೆಗೆ ಎಷ್ಟು ಬೇಕಾದರೂ ಹಣ ಹರಿಸಬಹುದಾದ ವ್ಯವಸ್ಥೆ ಅಲ್ಲಿತ್ತು. ಸಂಬಳದ ಜೊತೆಗೆ ಶಿಕ್ಷೆಯ ಕಾನೂನನ್ನೂ ಸಂಘ ತನ್ನ ಕೆಲಸ ಮಾಡಿಕೊಂಡಿತು. ತಪ್ಪು ಮಾಡಿದವರ ವಿಚಾರಣೆ ಸಂಘದ ನೆರಳಿಗೆ ಸಿಲುಕಿತು. ಈ ಮೂರಕ್ಕೂ ಕಾನೂನಿನಲ್ಲಿ ಬೇಲಿ ಹಾಕಿ, ಸಂಬಳ, ರಜೆ, ಡ್ಯೂಟಿಯ ಗಂಟೆ, ಸುರಕ್ಷತೆ, ವಿಚಾರಣೆಯಲ್ಲಿ ನೆರವು ಇಷ್ಟಕ್ಕೆ ಪೇದೆಗಳು ಆರಿಸಿದ ಪ್ರತಿನಿಧಿಗಳು ಇರಲಿ ಎಂದರೆ ತಪ್ಪೇನು? ಐಪಿಎಸ್ ಅಧಿಕಾರಿಗಳಿಗೆ ತಮ್ಮದೇ ಸಂಘವಿದೆ. ಪೇದೆಗೆ ಯಾಕೆ ಬೇಡ?

ಕ್ಯಾಲಿಫೋರ್ನಿಯಾದ ಸಂಘದ ಮುಂದೆ ಈಗ ನೋವಿ ಕಾಣದಿದ್ದ ಸಮಸ್ಯೆ ಇದೆ. 2012ರಲ್ಲಿ ಜನರೇ ಮತ ಹಾಕಿ 'ಮೂರು ತಪ್ಪು' ಕಾನೂನನ್ನು ಸಡಿಲ ಮಾಡಿದರು. ಮೂರನೆಯದೂ ಗಂಭೀರ ಇಲ್ಲವೇ ಹಿಂಸೆಯ ಅಪರಾಧವಾಗಿದ್ದರೆ ಮಾತ್ರ ಜೀವಾವಧಿ, ಕೆಲವು ವಿನಾಯಿತಿಗಳನ್ನು ಬಿಟ್ಟು. ಕೈದಿಗಳ ಸಂಖ್ಯೆ ಒಂದು ಲಕ್ಷದ ಕೆಳಗೆ ಬಂದಿದೆ. ಜೈಲುಗಳು ಮುಚ್ಚುತ್ತಿವೆ. 2021ರಲ್ಲಿ ಟ್ರೇಸಿ ಊರಿನ ಹಳೆಯ ಜೈಲು, 2023ರಲ್ಲಿ ಸುಸಾನ್‌ವಿಲ್‌ನ ಜೈಲು. ಮುಚ್ಚಬೇಡಿ ಎಂದು ಸುಸಾನ್‌ವಿಲ್ ಊರೇ ನ್ಯಾಯಾಲಯಕ್ಕೆ ಹೋಯಿತು. ಅಷ್ಟರಮಟ್ಟಿಗೆ ಅಲ್ಲಿನ ಬದುಕು ಜೈಲಿನ ಸಂಬಳದ ಮೇಲೆ ನಿಂತಿತ್ತು. ಇನ್ನು ಮೇಲೆ ಆ ಸಂಘದ ಅಧ್ಯಕ್ಷರಾಗುವವರು ಕಡಿಮೆ ಕೈದಿಗಳಿರುವ ರಾಜ್ಯದಲ್ಲಿ ತಮ್ಮ ಸದಸ್ಯರ ಸಂಬಳವನ್ನೂ, ವರ್ಗವಾಗಿ ದೂರದ ಊರಿಗೆ ಹೋಗಬೇಕಾದ ಸಂಸಾರಗಳನ್ನೂ ಕಾಪಾಡಬೇಕು. ನೋವಿ ಬಳಸಿದ ಆಯುಧಗಳಲ್ಲಿ ಇದಕ್ಕೆ ಒದಗುವವು ಹೆಚ್ಚಿಲ್ಲ.